ಕರೆಂಟ್ ಬಂದದ್ದು ಗೊತ್ತಾಗಲೆಂದು

ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳವರೆಗೆ ನನ್ನ ಸೀಟಿ ಕೇಳದ ಕಿವಿಯಿಲ್ಲ. ಒಂದು ಸಲ ಕ್ರೀಡಾಕೂಟದಲ್ಲಿ ನಾನು ಊದಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಬ್ರೇಕ್ ಹಾಕಿ, ಸಾಲಿನ ಬಾಲ ಕುರೆಕುಪ್ಪದವರೆಗೆ ಬೆಳೆದಿತ್ತು. ಲಾರಿಗಳು ದಿನಾ ಹಾಗೆಯೇ ನಿಲ್ಲುತ್ತವೆ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಹೇಳಲಿ.

ನಾನು ಕೊಟ್ರಬಸಪ್ಪ, ಪಾಪಿನಾಯಕನಹಳ್ಳಿ ದಾಟಿದ ಮೇಲೆ ಗುಡ್ಡದ ಬುಡದಲ್ಲಿದ್ದ ಸ್ನಾತಕೋತ್ತರ ಕೇಂದ್ರದ ಆಟದ ಮೇಷ್ಟ್ರು. ಅದು ಗಣಿಯ ಧೂಳಿನ ಕಾಲ. ಬಿಳಿ ಅಂಗಿಯಲ್ಲಿ ಮೈದಾನಕ್ಕಿಳಿದ ಹುಡುಗರು ಕಾವಿ ಅಂಗಿಯಲ್ಲಿ ಸನ್ಯಾಸಿಗಳಾಗಿ ವಾಪಸು ಬರುತ್ತಿದ್ದರು. ಹಾಗಾಗಿ ಆಟ ಕಡಿಮೆಯಾಯಿತು, ನನಗೆ ಬಿಡುವು ಜಾಸ್ತಿಯಾಯಿತು. ಬಿಡುವಿರುವ ಮನುಷ್ಯನನ್ನು ಕಂಡರೆ ವಿಶ್ವವಿದ್ಯಾಲಯಕ್ಕೆ ಸಮಿತಿ ನೆನಪಾಗುತ್ತದೆ. ಕಟ್ಟಡಗಳಲ್ಲಿ ಕರೆಂಟ್ ಪೋಲಾಗುವುದನ್ನು ತಡೆಯುವ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಸದಸ್ಯರು ಯಾರೂ ಇರಲಿಲ್ಲ. ಹುಲಿಗೆ ಹಿಂಡು ಯಾಕೆ ಎಂದು ನಾನೂ ಕೇಳಲಿಲ್ಲ.

ಪೋಲು ಅಂದರೆ ಎಂಥ ಪೋಲು. ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಟ್ಟು, ಕಾಗೆ ಬೆಂದು ಬೀಳುವಂಥ ನಡುಹಗಲಿನ ಬಿಸಿಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಪಾಠ ಮಾಡುತ್ತಿದ್ದರು. ಅದಕ್ಕಿಂತ ದೊಡ್ಡ ರೋಗ ಇನ್ನೊಂದು. ಕರೆಂಟ್ ಹೋದಾಗ ನಮ್ಮಲ್ಲಿ ಯಾರೂ ಸ್ವಿಚ್ ಆಫ್ ಮಾಡುವುದಿಲ್ಲ. ಮಾಡಿದರೆ ಕರೆಂಟ್ ಬಂದದ್ದು ಹೇಗೆ ಗೊತ್ತಾಗಬೇಕು? ಫ್ಯಾನು ತಿರುಗಬೇಕು, ಬಂತು ಎಂದು ತಿಳಿಯಬೇಕು. ಅಟೆಂಡರ್ ಮಾರೆಪ್ಪನಿಂದ ಹಿಡಿದು ಭೌತಶಾಸ್ತ್ರದ ಪ್ರಾಧ್ಯಾಪಕರವರೆಗೆ ಎಲ್ಲರೂ ಮನೆಯಿಂದಲೇ ಕಲಿತುಬಂದ ಪದ್ಧತಿ ಇದು. ದಿನಾ ಮಧ್ಯಾಹ್ನ ಲೋಡ್ ಶೆಡ್ಡಿಂಗ್ ಆಗುತ್ತಿತ್ತು. ಕಾಯುವವರೆಗೆ ಕಾದು, ಎಲ್ಲ ಸ್ವಿಚ್ಚುಗಳನ್ನೂ ಹಾಗೆಯೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿ ಬಸ್ಸು ಹತ್ತುತ್ತಿದ್ದರು. ಆಮೇಲೆ ಕರೆಂಟ್ ಬಂದರೆ ಅಷ್ಟೂ ಫ್ಯಾನುಗಳು ಖಾಲಿ ಬೆಂಚುಗಳಿಗೆ ಗಾಳಿ ಬೀಸುತ್ತಿದ್ದವು. ಎಲ್ಲವೂ ಒಮ್ಮೆಲೇ ಎದ್ದರೆ ಟ್ರಾನ್ಸ್‌ಫಾರ್ಮರ್‌ನ ಫ್ಯೂಸು ಹಾರುತ್ತಿತ್ತು. ಆ ಸದ್ದಿಗೆ ಹಂಪಿಯ ಕಲ್ಲುಗಳು ಒಂದೆರಡು ಜರುಗಿವೆ ಎಂಬುದು ನನ್ನ ಅಂದಾಜು.

ನಾನು ಗೋಡೆಗೆ ಚೀಟಿ ಅಂಟಿಸಿದೆ, ಬಾಗಿಲು ಬಾಗಿಲಿಗೆ ನಿಂತು ಸೀಟಿ ಊದಿದೆ. ಚೀಟಿ ಓದಲು ಇನ್ನೊಂದು ಟ್ಯೂಬ್‌ಲೈಟ್ ಹಾಕಿಕೊಂಡರು.

ಮಳೆಗಾಲ ಮುಗಿದು ಬಿಸಿಲು ಮರಳಿದ್ದ ಒಂದು ಎರಡನೇ ಶನಿವಾರ. ರಜೆ. ಹಿಂದಿನ ಸಂಜೆ ಮತ್ತೆ ಫ್ಯೂಸು ಹಾರಿದ್ದರಿಂದ ಲೈನ್‌ಮನ್ ಹನುಮೇಶ್ ಬೆಳಿಗ್ಗೆ ಬಂದು ಅದನ್ನು ಕಟ್ಟಿ ಕೆಳಗಿಳಿದ.

"ಮೇಷ್ಟ್ರ, ನಿಮ್ಮ ಕಟ್ಟಡ ಕರೆಂಟ್ ತಿಂತೈತೋ, ಕುಡಿತೈತೋ?"

"ಓದೋ ಕಟ್ಟಡಪಾ. ಹಸಿವು ಜಾಸ್ತಿ."

"ಹಂಗಾದ್ರ ಇವತ್ತು ಉಪಾಸ ಕೆಡವ್ರಿ. ತಕ್ಕ ತಂತಿ ನನ್ನತ್ರ ಇಲ್ಲ, ಸಣ್ಣದು ಕಟ್ಟೀನಿ. ಒಂದೊಂದೇ ಲೈನು ಹಚ್ಚಿದ್ದಕ್ಕ ಈಗ ತಡದೈತಿ. ಲೋಡು ಮೆಲ್ಲಕ ಏರಿದ್ರ ತಡಿತೈತಿ. ಎಲ್ಲಾ ಒಮ್ಮಿಗೇ ಎದ್ದು ಕುಂತ್ರ ಹೋತಂತ ತಿಳಕೊಳ್ರಿ. ನಾ ಈಗ ಕಂಪ್ಲಿ ಕಡಿ ಹೊಂಟೀನಿ, ಅಲ್ಲಿ ಕಂಬ ಬಿದ್ದಾವು. ಸೋಮವಾರದ ತನಕ ನನ್ನ ಮಾರಿ ಕಾಣಂಗಿಲ್ಲ."

"ನಿನ್ನ ಮಾರಿ ಯಾರು ಬೇಡಿದ್ರು ಬಿಡು" ಎಂದೆ. ಅವನು ನಗುತ್ತ ಮೋಟಾರ್ ಸೈಕಲ್ ಹತ್ತಿದ. ನಾನೂ ನಗುತ್ತ ಚಹಾ ಕುಡಿಯಲು ಹೋದೆ. ಮಧ್ಯಾಹ್ನ ಎಂದಿನಂತೆ ಕರೆಂಟ್ ಹೋಯಿತು.

ಪ್ರಾಣಿಶಾಸ್ತ್ರದ ಪ್ರಯೋಗಾಲಯದಿಂದ ಸ್ನೇಹಾ ಓಡಿಬಂದದ್ದು ಆಗ. ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿ. ಕಂಪ್ಲಿಯಲ್ಲಿ ಹರಿಗೋಲಿನಿಂದ ಬಲೆ ಬೀಸುವ ಪಕ್ಕೀರಪ್ಪನ ಮಗಳು. ಅವರಪ್ಪ ಹರೆಯದಲ್ಲಿದ್ದಾಗ ಹರಿಗೋಲಿಗೆ ತಾವೇ ಹಾರಿ ಬೀಳುತ್ತಿದ್ದವಂತೆ ಒಂದು ಜಾತಿಯ ಮೀನು. ಈಗ ಹೊಳೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಮಳೆಗಾಲದಲ್ಲಿ ಅಪ್ಪ ಮಗಳು ಸೇರಿ ಹೇಗೋ ಅದರ ಮೊಟ್ಟೆ ಸಂಪಾದಿಸಿ, ತೊಟ್ಟಿಯಲ್ಲಿ ಮರಿ ಮಾಡಿಸಿದ್ದರು. ಒಂದೊಂದು ಮರಿ ಕಣ್ಣಿನ ರೆಪ್ಪೆಯ ಕೂದಲಿನಷ್ಟು. ಅವು ಉಸಿರಾಡಬೇಕಾದರೆ ತೊಟ್ಟಿಗೆ ಗಾಳಿ ಊದುವ ಸಣ್ಣ ಯಂತ್ರ ಸದಾ ನಡೆಯುತ್ತಿರಬೇಕು. ಸೋಮವಾರ ಹೊರಗಿನ ಪರೀಕ್ಷಕರು ಬಂದು ಮರಿಗಳನ್ನು ಕಣ್ಣಾರೆ ನೋಡಿ ಅಂಕ ಹಾಕುವವರಿದ್ದರು. ಅಷ್ಟರಲ್ಲಿ ಅವು ಸತ್ತರೆ ಮತ್ತೆ ಮೊಟ್ಟೆ ಸಿಗುವುದು ಮುಂದಿನ ವರ್ಷ ಹೊಳೆಗೆ ಹೊಸ ನೀರು ಬಂದಾಗ, ಸಿಕ್ಕರೆ. ಹುಡುಗಿಯ ವರ್ಷ ಹೋಗುತ್ತಿತ್ತು. ಒಮ್ಮೆ ಮನೆ ಸೇರಿದವಳನ್ನು ಮತ್ತೊಂದು ವರ್ಷ ಓದಲು ಕಳಿಸುವ ಮನೆಯಲ್ಲ ಅದು ಎಂಬುದು ಅವಳಿಗೆ ಗೊತ್ತಿತ್ತು.

"ಸರ, ಹನುಮೇಶಣ್ಣ ಹೇಳಿದ್ದು ಖರೇನಾ? ಈಗ ಕರೆಂಟ್ ಬಂದು ಫ್ಯೂಸ್ ಹೋದ್ರ ಸೋಮವಾರದ ತನಕ ಇಲ್ಲಾ?"

"ಜನರೇಟರ್ ಐತಲ್ಲ" ಎಂದೆ.

"ಅದು ಮದುವಿಗೆ ಹೋಗೈತ್ರಿ" ಎಂದ ಮಾರೆಪ್ಪ, ತಾನೇ ಬೀಗರವನಂತೆ.

ಹೌದು. ಸಂಡೂರಿನ ಗಣಿ ಮಾಲೀಕರೊಬ್ಬರ ಮಗಳ ಮದುವೆಗೆ ನಮ್ಮ ನಿರ್ದೇಶಕರು, ರಾತ್ರಿಯೆಲ್ಲ ತೊಟ್ಟಿಯ ಯಂತ್ರ ನಡೆಸಿದ್ದ ಜನರೇಟರನ್ನು ಬೆಳಿಗ್ಗೆ ಕಳಿಸಿ, ಹಿಂದೆಯೇ ತಾವೂ ಹೋಗಿದ್ದರು. ಆ ಮದುವೆಯ ಚಪ್ಪರಕ್ಕೆ ಸೂರ್ಯನನ್ನೇ ಬಾಡಿಗೆಗೆ ಕೇಳಿದ್ದರಂತೆ, ಮೊದಲೇ ಬುಕ್ ಆಗಿದ್ದನಂತೆ.

"ತೊಟ್ಟಿ ಎತ್ತಿ ನಮ್ಮನಿಗೆ ಒಯ್ಯಣೇನು?" ಮಾರೆಪ್ಪ ಕೇಳಿದ.

"ಅಲುಗಾಡಿದ್ರ ಅರ್ಧ ದಾರ್‍ಯಾಗ ಸಾಯ್ತಾವು ಮಾರೆಪ್ಪಣ್ಣ." ಸ್ನೇಹಾ ತಲೆಯಾಡಿಸಿದಳು. "ರೊಟ್ಟಿ ತಂದಿದ್ದ ನಮ್ಮವ್ವ ಮಗ್‌ನಾಗ ನೀರು ಎತ್ತಿ ಎತ್ತಿ ಹಾಕಾಕತ್ಯಾಳ, ನೀರಿಗೆ ಗಾಳಿ ಸೇರ್ಲಿ ಅಂತ. ಕರೆಂಟ್ ಬರೋ ತನಕ ಹಿಂಗ ತಡದೇವು. ಸೋಮವಾರದ ತನಕ ಆಗಂಗಿಲ್ರಿ."

ಕರೆಂಟ್ ಯಾವ ಗಳಿಗೆಯಲ್ಲಾದರೂ ಬರಬಹುದು. ಬಂದಾಗ ಬೀಗ ಹಾಕಿದ ಅಷ್ಟೂ ಕೋಣೆಗಳಲ್ಲಿ ಫ್ಯಾನು, ದೀಪ, ಫ್ರಿಜ್ಜು ಎಲ್ಲ ಕಾದು ಕುಳಿತಿವೆ. ಹನುಮೇಶನ ಸಣ್ಣ ತಂತಿ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿ ಹೋಗುತ್ತದೆ. ಅದು ಬರುವ ಮೊದಲು ಒಂದೊಂದನ್ನೂ ಆಫ್ ಮಾಡಬೇಕು.

ಮೊದಲು ಮೇನ್ ಸ್ವಿಚ್ಚಿಗೇ ಕೈ ಹಾಕಿದೆ. ಅದನ್ನು ಕೆಳಗಿಳಿಸಿಬಿಟ್ಟರೆ ಆಮೇಲೆ ನಿಧಾನವಾಗಿ ಕೋಣೆಗಳನ್ನು ನೋಡಿಕೊಳ್ಳಬಹುದಿತ್ತು. ಅದು ವರ್ಷಾನುಗಟ್ಟಲೆ ಕೆಂಪು ಧೂಳು ತಿಂದು, ತುಕ್ಕು ಹಿಡಿದು ಕಲ್ಲಾಗಿತ್ತು. ಆನೆಗೊಂದಿಯ ಆನೆಗಳೆಲ್ಲ ಬಂದು ಎಳೆಯುವಷ್ಟು ಬಲ ಹಾಕಿ ಜಗ್ಗಿದೆ. ಹಿಡಿಕೆ ನನ್ನ ಕೈಯಲ್ಲಿ ಬಂತು. ಸ್ವಿಚ್ಚು ಆನ್ ಆಗಿಯೇ ಉಳಿಯಿತು.

"ಮಸ್ತ್ ಶಕ್ತಿ ಐತ್ರಿ ನಿಮಗ" ಎಂದ ಮಾರೆಪ್ಪ.

"ಬಾಯಿ ಮುಚ್ಚಿ ಕೀಲಿ ಗೊಂಚಲ ತಗೊಂಬಾ."

ತರಗತಿಗಳ ಬೀಗದ ಕೈ ಮಾರೆಪ್ಪನ ಹತ್ತಿರವಿತ್ತು. ಅವನು ತೆಗೆದ, ನಾನು ನುಗ್ಗಿದೆ. ಆ ದಿನ ನಾನು ಓಡಿದ್ದನ್ನು ಯಾರಾದರೂ ಅಳೆದಿದ್ದರೆ ದೇಶಕ್ಕೆ ಒಂದು ಪದಕ ಬರುತ್ತಿತ್ತು. ಟಪ ಟಪ ಟಪ, ಹಲಗೆಯ ಮೇಲಿನ ಸ್ವಿಚ್ಚುಗಳನ್ನೆಲ್ಲ ಅಂಗೈಯಿಂದ ಒರೆಸಿದ ಹಾಗೆ ಕೆಡವುತ್ತ ಹೋದೆ. ಪ್ರಯೋಗಾಲಯದ ಮುಂದೆ ಹಾದಾಗಲೆಲ್ಲ ಒಳಗಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದೆ ಓಡುತ್ತಿದ್ದೆ.

ವಿಭಾಗದ ಕೋಣೆಗಳಿಗೆ ಬಂದಾಗ ಕೆಲಸ ಕೆಟ್ಟಿತು. ಅವುಗಳ ಬೀಗದ ಕೈಗಳು ಹೊಸಪೇಟೆಯ ಮನೆಗಳಲ್ಲಿ ಮೊಳೆಗೆ ನೇತಾಡುತ್ತಿದ್ದವು. ಸ್ವಿಚ್ಚಿನ ಹಲಗೆಗಳೆಲ್ಲ ಬಾಗಿಲ ಪಕ್ಕ, ಒಳಗಡೆ. ಎದುರು ಗೋಡೆಯ ಕಿಟಕಿಗೆ ಕಂಬಿಗಳಿದ್ದವು, ಕೈ ತೂರಬಹುದು, ಆದರೆ ಬಾಗಿಲು ಅಷ್ಟು ದೂರ.

ಒಂದು ಗಳಿಗೆ ನಿಂತೆ. ಆಮೇಲೆ ಆಟದ ಸಾಮಾನಿನ ಕೋಣೆಗೆ ಓಡಿ ಎರಡು ಜಾವೆಲಿನ್ ಈಟಿಗಳನ್ನು ತಂದೆ. ಸೈಕಲ್ ಟ್ಯೂಬಿನಿಂದ ಒಂದಕ್ಕೊಂದು ಬಿಗಿದೆ, ತುದಿಗೂ ಟ್ಯೂಬ್ ಸುತ್ತಿದೆ. ಹರೆಯದಲ್ಲಿ ನಾನು ಡ್ಯಾಮಿನ ಈ ದಂಡೆಯಿಂದ ಎಸೆದ ಈಟಿ ಆ ದಂಡೆಯಲ್ಲಿ ಬಿದ್ದಿತ್ತು. ಮಧ್ಯೆ ಒಂದು ಕೊಕ್ಕರೆಗೂ ತಾಗಿತ್ತು. ಅಂಥ ಕೈಗೆ ಗೋಡೆಯ ಸ್ವಿಚ್ಚು ಯಾವ ಲೆಕ್ಕ ಎಂದುಕೊಂಡೆ. ಮೊದಲ ಕೋಣೆಯಲ್ಲಿ ಗೋಡೆಯ ಕ್ಯಾಲೆಂಡರನ್ನು ತಿವಿದೆ.

ಕಬ್ಬಿಣವೋ ತಗಡೋ ಯಾವುದೋ ಲೋಹದ ಈಟಿ ಅದು. ಹಳೆಯ ಹಲಗೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚು ಒಡೆದು ತಂತಿ ಹೊರಗೆ ಇಣುಕುತ್ತಿತ್ತು. ನಾನು ತಿವಿಯುವಾಗಲೇ ಕರೆಂಟ್ ಬಂದರೆ ಫ್ಯೂಸಿಗಿಂತ ಮೊದಲು ನಾನು ಹೋಗುತ್ತಿದ್ದೆ. ಅದಕ್ಕೆ ಜಗುಲಿಯ ಒಂದು ಬಲ್ಬನ್ನು ಮಾತ್ರ ಆನ್ ಇಟ್ಟು, ಮಾರೆಪ್ಪನನ್ನು ಅದರ ಕೆಳಗೆ ನಿಲ್ಲಿಸಿದೆ.

"ಹತ್ತಿದ ಕೂಡ್ಲೆ ಕೂಗ್ತೀನ್ರಿ" ಎಂದ.

"ಹತ್ತಿದ ಮ್ಯಾಲ ಕೂಗಿ ಏನು ಮಾಡ್ತಿ?"

"ನಿಮಗ ಗೊತ್ತಾಗಬೇಕಲ್ರೀ, ಕರೆಂಟ್ ಬಂತು ಅಂತ."

ಆ ಮಾತಿಗೆ ಬೇರೆ ದಿನವಾಗಿದ್ದರೆ ನಕ್ಕು ಉರುಳುತ್ತಿದ್ದೆ. ಅಂದು ಈಟಿ ಎತ್ತಿಕೊಂಡು ಕಿಟಕಿಗೆ ಓಡಿದೆ. ಕಣ್ಣೆಲ್ಲ ಆ ಈಟಿಯ ತುದಿಯಲ್ಲಿಟ್ಟು ಒಂದೊಂದೇ ಸ್ವಿಚ್ಚು ಕೆಡವಿದೆ. ಕಿಟಕಿ ತೆರೆದಾಗಲೆಲ್ಲ ಅದರ ಮೇಲಿನ ಧೂಳು ತಲೆಯ ಮೇಲೆ ಸುರಿಯಿತು. ರಸಾಯನಶಾಸ್ತ್ರದ ಕೋಣೆಯಲ್ಲಿ ಒಂದು ಸ್ವಿಚ್ಚು ಬಿಗಿದುಕೊಂಡು ಒಲ್ಲೆನೆಂದಿತು. ಈಟಿ ಜಾರಿ ಒಡೆದ ಹಲಗೆಯ ತಂತಿಗಳ ನಡುವೆ ಹೊಕ್ಕಿತು. ಹೆತ್ತ ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಮೆಲ್ಲಗೆ ಹಿಂದಕ್ಕೆಳೆದು, ಮತ್ತೆ ಗುರಿ ಹಿಡಿದೆ. ಬಿತ್ತು.

ಪ್ರಯೋಗಾಲಯದ ಬಾಗಿಲಲ್ಲಿ ಇಣುಕಿದೆ. ಸ್ನೇಹಾಳ ತಾಯಿ ಜಂಬವ್ವ ಸೆರಗು ಸೊಂಟಕ್ಕೆ ಸಿಗಿಸಿ, ತೊಟ್ಟಿಯ ನೀರನ್ನು ಮಗ್ಗಿನಲ್ಲಿ ಎತ್ತಿ ಎತ್ತಿ ಸುರಿಯುತ್ತಿದ್ದಳು. ಪಕ್ಕದ ತೊಟ್ಟಿಗೆ ಮಗಳು. ರೊಟ್ಟಿ ಗಂಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿತ್ತು.

"ನೀರು ಎತ್ತಿ ಹಾಕೋ ವಿದ್ಯೆ ನಾ ಮನ್ಯಾಗ ಕಲಿಸ್ತಿದ್ನಲ್ಲ ಮಗಳ, ಇದಕ್ಕ ಎಂ.ಎಸ್ಸಿ. ಯಾಕ ಮಾಡಿದಿ" ಎನ್ನುತ್ತಿದ್ದಳು ಜಂಬವ್ವ.

"ಯವ್ವಾ, ಎತ್ತರದಿಂದ ಸುರೀಬ್ಯಾಡ. ಮೆಲ್ಲಕ."

"ಮೆಲ್ಲಕ ಅಂದ್ರ ಕೈ ಭಾಳ ನೋಯ್ತಾವು. ಏನು ಮೇಷ್ಟ್ರ, ಇನ್ನಾ ಎಷ್ಟ್ ಅದಾವು?"

"ನಿರ್ದೇಶಕರ ಕೋಣಿ ಒಂದು ತಾಯಿ."

"ಜಲ್ದಿ ಮಾಡಪಾ. ಮ್ಯಾಲ ಬರಾಕತ್ತಾವು."

ಬಗ್ಗಿ ನೋಡಿದೆ. ಮರಿಗಳು ನೀರಿನ ಮೇಲ್ಮೈಗೆ ಬಂದು, ಕಾಣದಷ್ಟು ಸಣ್ಣ ಬಾಯಿಗಳನ್ನು ತೆರೆದು ಮುಚ್ಚುತ್ತಿದ್ದವು. ಅಂಚಿನಲ್ಲಿ ಕೆಲವು ಅಲುಗಾಡದೆ ತೇಲುತ್ತಿದ್ದವು. ಸ್ನೇಹಾ ಅತ್ತ ನೋಡದಂತೆ ಮುಖ ತಿರುಗಿಸಿಕೊಂಡೇ ನೀರು ಸುರಿಯುತ್ತಿದ್ದಳು.

ನಿರ್ದೇಶಕರ ಕೋಣೆಯೆಂದರೆ ಕೋಟೆ. ತೇಗದ ಬಾಗಿಲು, ತೆರೆಯಲಾಗದ ಗಾಜಿನ ಕಿಟಕಿ, ಹಿಂಬದಿಯ ಗೋಡೆಯಲ್ಲಿ ಅರ್ಧ ಮೈ ಹೊರಗೆ ಚಾಚಿ ಕುಳಿತ ಎ.ಸಿ. ಅದೇ ಗಣಿ ಮಾಲೀಕರು ಕೊಟ್ಟ ಕಾಣಿಕೆ ಅದು. ಕಟ್ಟಡದ ಫ್ಯಾನುಗಳೆಲ್ಲ ಒಂದು ತೂಕವಾದರೆ ಅದೊಂದೇ ಒಂದು ತೂಕ. ಮೊಬೈಲಿನಲ್ಲಿ ನಿರ್ದೇಶಕರನ್ನು ಹಿಡಿದೆ. ಆ ಕಡೆ ಓಲಗ, ಪಟಾಕಿ, ಅದರ ಮೇಲೆ ಏನೋ ಗಿರಗಿರ ಸದ್ದು.

"ಸರ, ನಿಮ್ಮ ಕೋಣಿ ಕೀಲಿ ಬೇಕಾಗಿತ್ತು."

"ಕೀಲಿ ನನ್ನ ಹತ್ರ ಐತ್ರೀ. ಯಾಕ?"

"ಎ.ಸಿ. ಆಫ್ ಮಾಡಬೇಕಿತ್ರಿ."

"ಯಾಕ ಆಫ್ ಮಾಡ್ತೀರಿ? ನಾ ಬೇಕಂತ ಬಿಟ್ಟು ಬಂದೀನಿ. ಸಂಜಿಗೆ ಬರೋದ್ರಾಗ ರೂಮು ತಣ್ಣಗಿರಬೇಕು."

"ಸರ, ಇಲ್ಲಿ ಮೀನು ಸಾಯಾಕತ್ತಾವು."

"ಮದುವ್ಯಾಗ ಮೀನಿನ ಸುದ್ದಿ ಯಾಕ್ರೀ. ಹೆಲಿಕಾಪ್ಟರ್ ಇಳಿಯಾಕತ್ತೈತಿ, ಆಮ್ಯಾಲ ಮಾಡ್ರಿ." ಫೋನು ಸತ್ತಿತು.

ಹಿಂಬದಿಗೆ ಹೋಗಿ ಎ.ಸಿ.ಯನ್ನು ಮೇಲಿಂದ ಕೆಳಗೆ ನೋಡಿದೆ. ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿತ್ತು, ಸುತ್ತ ಗಾರೆ ಬಿರುಕು ಬಿಟ್ಟಿತ್ತು. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದೆ. ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು.

"ಬ್ಯಾಡ್ರಿ ಸರ" ಎಂದ ಮಾರೆಪ್ಪ. ಬಲ್ಬನ್ನು ಬಿಟ್ಟು ನನ್ನ ಹಿಂದೆಯೇ ಬಂದಿದ್ದ. "ಸಾಹೇಬ್ರ ಎ.ಸಿ. ಅದು. ನಿಮ್ಮನ್ನ ಕೆಲಸದಿಂದ ತಗೀತಾರ, ನನ್ನ ಚರ್ಮ ತಗೀತಾರ."

"ನೀ ನೋಡಬ್ಯಾಡ. ಆ ಕಡಿ ಮಾರಿ ಮಾಡಿ ನಿಂದ್ರು."

ಅವನು ಗುಡ್ಡದ ಕಡೆ ಮುಖ ಮಾಡಿ ನಿಂತ. ನಾನು ಒಬ್ಬನೇ ಜಗ್ಗಿದೆ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಅಷ್ಟರಲ್ಲಿ ಒಂದು ಜೊತೆ ಕೈ ಹಿಂದುಹಿಂದಾಗಿ ಬಂದು ಎ.ಸಿ.ಯ ಅಂಚನ್ನು ತಡಕಾಡಿ ಹಿಡಿಯಿತು. ಮಾರೆಪ್ಪ ಗುಡ್ಡವನ್ನೇ ನೋಡುತ್ತ, ಬೆನ್ನು ನನ್ನ ಕಡೆ ಮಾಡಿಕೊಂಡೇ ಎಳೆಯುತ್ತಿದ್ದ.

"ನಾ ನೋಡಿಲ್ರಿ" ಎಂದ.

"ಆತು, ಜಗ್ಗು."

ಗಾರೆ ಉದುರಿತು. ಎ.ಸಿ. ಚೌಕಟ್ಟಿನ ಮೇಲೆ ಕಿರುಚುತ್ತ ಜಾರಿತು, ಒಳಗಿನ ವಯರು ಬಿಗಿಯಾಯಿತು, ಪ್ಲಗ್ಗು ಕಿತ್ತುಬಂದ ಸದ್ದು ಕೇಳಿತು, ಅದರ ಹಿಂದೆಯೇ ಇಡೀ ಪೆಟ್ಟಿಗೆ ನಮ್ಮ ಕಾಲುಗಳ ನಡುವೆ ಧಡ್ಡೆಂದು ಬಿತ್ತು. ಗೋಡೆಯಲ್ಲಿ ಎಮ್ಮೆ ಕರು ಹಾಯುವಷ್ಟು ದೊಡ್ಡ ತೂತು. ಅದರಲ್ಲಿ ಈಟಿ ತೂರಿ ಉಳಿದ ಸ್ವಿಚ್ಚುಗಳನ್ನು ಕೆಡವತೊಡಗಿದೆ. ಫ್ರಿಜ್ಜಿನದು ಬಿತ್ತು. ಫ್ಯಾನು ಬಿತ್ತು. ಇನ್ನೊಂದು ಫ್ಯಾನು. ದೀಪಗಳ ಸಾಲಿನಲ್ಲಿ ಕೊನೆಯದನ್ನು ಮುಟ್ಟಿ ಈಟಿಯನ್ನು ಹೊರಗೆಳೆದುಕೊಂಡಾಗ ಪ್ರಯೋಗಾಲಯದ ಬಾಗಿಲಿಂದ ಜಂಬವ್ವನ ಕೂಗು ಬಂತು.

"ಬಲ್ಬ್ ಹತ್ತೈತಿ."

ಅದು ಯಾವಾಗ ಹತ್ತಿತ್ತೋ, ನಾನು ಕೊನೆಯ ಸ್ವಿಚ್ಚನ್ನು ಮುಟ್ಟುವ ಮೊದಲೋ ಆಮೇಲೋ, ಇವತ್ತಿಗೂ ಗೊತ್ತಿಲ್ಲ. ಓಡುತ್ತ ಬಂದು ಟ್ರಾನ್ಸ್‌ಫಾರ್ಮರ್‌ನ ಕಡೆ ಕಿವಿ ಕೊಟ್ಟು ನಿಂತೆ. ಅದು ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಮಾರೆಪ್ಪ ಕಿವಿ ಮುಚ್ಚಿಕೊಂಡಿದ್ದ. ರಸ್ತೆಯಲ್ಲಿ ಲಾರಿಯೊಂದರ ಟೈರಿನಡಿ ಏನೋ ಠಪ್ಪೆಂದು ಸಿಡಿಯಿತು, ಫ್ಯೂಸೇ ಹೋಯಿತೆಂದುಕೊಂಡೆ. ಗುಂಯ್ಗುಡುವುದು ನಿಲ್ಲಲಿಲ್ಲ.

ಪ್ರಯೋಗಾಲಯದಲ್ಲಿ ತೊಟ್ಟಿಗಳ ತಳದಿಂದ ಗುಳ್ಳೆಗಳು ಏಳುತ್ತಿದ್ದವು. ಸ್ನೇಹಾ ಮಗ್ಗು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕುಳಿತಿದ್ದಳು. ಬೆರಳುಗಳು ಬಿಗಿದುಕೊಂಡು ಬಿಡಿಸಲಾಗುತ್ತಿರಲಿಲ್ಲ. ತಾಯಿ ಒಂದೊಂದೇ ಬೆರಳು ಬಿಡಿಸಿದಳು. ಯಾರೂ ಗೆದ್ದೆವು ಎನ್ನಲಿಲ್ಲ. ಗಾಳಿ ತಾಗಿದ ಮೇಲೂ ಮರಿಗಳು ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು. ಒಂದಷ್ಟು ಇಳಿಯಲೇ ಇಲ್ಲ. ಅವನ್ನು ಸ್ನೇಹಾ ಚಮಚದಿಂದ ತೆಗೆದು ಬಟ್ಟಲಿಗೆ ಹಾಕಿದಳು. ಉಳಿದವು ಗುಂಪುಗೂಡಿ ತಳದ ಕಡೆ ಸರಿದವು.

ದೀಪ ಹಚ್ಚುವ ಹೊತ್ತಿಗೆ ನಿರ್ದೇಶಕರ ಕಾರು ಬಂತು. ಹಣೆಗೆ ಕುಂಕುಮ, ಕೈಯಲ್ಲಿ ತಾಂಬೂಲದ ಚೀಲ. ಕೋಣೆಯ ಬೀಗ ತೆಗೆದವರು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತರು. ಎದುರಿನ ಗೋಡೆಯ ತೂತಿನಲ್ಲಿ ಸಂಜೆಯ ಗುಡ್ಡ ಕಾಣುತ್ತಿತ್ತು.

"ಇದೇನೋ ಮಾರೆಪ್ಪ?"

"ಕಳ್ಳರು ಬಂದಿದ್ರೇನೋ ರೀ." ಮಾರೆಪ್ಪ ನೆಲ ನೋಡಿದ.

"ಹಾಡಹಗಲೇ? ಪೊಲೀಸರಿಗೆ ಫೋನ್ ಹಚ್ಚು. ಭಾಳ ಗಟ್ಟಿ ಕಳ್ಳರಾಗಿರಬೇಕು, ಇಷ್ಟು ಭಾರದ್ದು ಕಿತ್ತಾರಂದ್ರ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತೋಳಿನ ಕೆಲಸಕ್ಕೆ ಯಾವನೋ ಕಳ್ಳ ಹೊಗಳಿಸಿಕೊಳ್ಳುವುದನ್ನು ನಾನು ಹೇಗೆ ಕೇಳಿಕೊಂಡು ನಿಲ್ಲಲಿ?

"ಕಳ್ಳರಲ್ರಿ ಸರ, ನಾನು. ಒಬ್ಬನ ಕೈಲೆ ಕಿತ್ತೀನಿ. ಒಂದೇ ಜಗ್ಗಿಗೆ."

ಮಾರೆಪ್ಪ ಕಣ್ಣು ಮುಚ್ಚಿಕೊಂಡ. ನಿರ್ದೇಶಕರ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. ಮೀನಿನ ಮಾತು ಹೇಳಿದೆ, ಫ್ಯೂಸಿನ ಮಾತು ಹೇಳಿದೆ. ಅವರು ಒಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. "ಎಲ್ಲಿ ಅದಾವ ನಿಮ್ಮ ಮೀನು, ತೋರಿಸ್ರಿ. ಆಮ್ಯಾಲ ನಿಮ್ಮ ಲೆಕ್ಕ ಮಾಡ್ತೀನಿ" ಎನ್ನುತ್ತ ದಡದಡನೆ ಪ್ರಯೋಗಾಲಯಕ್ಕೆ ನಡೆದರು.

ಒಳಗೆ ಕೆಂಡದ ಸೆಕೆ. ಧೂಳು ಬೀಳದಿರಲೆಂದು ಕಿಟಕಿ ಮುಚ್ಚಿತ್ತು. ಸ್ನೇಹಾ ಎದ್ದು ನಿಂತಳು, ಅಂಗಿಯೆಲ್ಲ ಒದ್ದೆ. ಜಂಬವ್ವ ಸೆರಗು ಹೊದ್ದು ಗೋಡೆಗೆ ಸರಿದಳು. ನಿರ್ದೇಶಕರು ಕತ್ತಿನ ಬೆವರು ಒರೆಸಿಕೊಂಡರು. ಬಾಗಿಲ ಪಕ್ಕದ ಹಲಗೆಯ ಕಡೆಗೆ ಅವರ ಕೈ ತಾನಾಗಿಯೇ ಹೋಯಿತು. ಎಲ್ಲಿ ಹೋದರೂ ಮೊದಲು ಫ್ಯಾನು ಹಾಕುವ ಕೈ ಅದು. ಒಂದೇ ಸಲಕ್ಕೆ ನಾಲ್ಕೂ ಸ್ವಿಚ್ಚುಗಳ ಮೇಲೆ ನಾಲ್ಕು ಬೆರಳು ಕೂತವು.

ನಾಲ್ಕು ಫ್ಯಾನಿಗೆ ಆ ತಂತಿ ಹೋಗುತ್ತಿತ್ತೋ ಇಲ್ಲವೋ, ಹನುಮೇಶನೂ ಹೇಳಲಾರ.

"ಸರ, ಬ್ಯಾಡ್ರಿ" ಎಂದಳು ಸ್ನೇಹಾ. ಕೂಗಲಿಲ್ಲ. "ಸೋಮವಾರದ ತನಕ ಬ್ಯಾಡ್ರಿ."

ಅವರು ಅವಳತ್ತ ತಿರುಗಿದರು. ಅವಳ ಬೆರಳುಗಳು ಇನ್ನೂ ಹಿಡಿಕೆ ಹಿಡಿದಂತೆಯೇ ಬಾಗಿದ್ದವು. ಅವಳ ಹಿಂದೆ ತೊಟ್ಟಿಯ ಗಾಜಿನಲ್ಲಿ ಗುಳ್ಳೆಗಳು ಏಳುತ್ತಿದ್ದವು, ಗುಳ್ಳೆಗಳ ನಡುವೆ ಮರಿಗಳು. ಪಕ್ಕದಲ್ಲಿ ಬಟ್ಟಲು. ನಿರ್ದೇಶಕರು ತೊಟ್ಟಿಯನ್ನು ನೋಡಿದರು, ಬಟ್ಟಲನ್ನು ನೋಡಿದರು. ಬೆರಳುಗಳು ಹಲಗೆಯ ಮೇಲೆಯೇ ಇದ್ದವು. ಆಮೇಲೆ ಒಂದೊಂದಾಗಿ ಎದ್ದವು.

"ಇವೇನಾ?" ಎಂದರು. "ಕಾಣವಲ್ಲವು."

"ಬಗ್ಗಿ ನೋಡ್ರಿ ಸರ."

ನಿರ್ದೇಶಕರು ಸ್ಟೂಲೊಂದನ್ನು ಎಳೆದುಕೊಂಡು ತೊಟ್ಟಿಯ ಮುಂದೆ ಕೂತು ಬಗ್ಗಿದರು. ಬೆವರಿನ ಹನಿ ಗಾಜಿನ ಮೇಲೆ ಬಿತ್ತು. ತಾಂಬೂಲದ ಚೀಲದಿಂದ ಮದುವೆಯ ಕರೆಯೋಲೆಯನ್ನು ತೆಗೆದು ಗಾಳಿ ಬೀಸಿಕೊಳ್ಳತೊಡಗಿದರು.